ಹತ್ತೊಂಬತ್ತನೇ ಹಂತ

ಗುರುವಾರ ಬೆಳಗ್ಗೆ ಹತ್ತೂವರೆಗೆ ಇಬ್ತಿಹಾಲ್‌ಳ ಮೇಜಿನ ಮೇಲೆ ಒಂದು ಕಿಲೋ ಬಸ್ಬೂಸದ, ಅಂದರೆ ಪಾಕದಲ್ಲಿ ನೆನೆಸಿದ ರವೆಯ ಮಿಠಾಯಿಯ, ಡಬ್ಬಿ ಬಂದು ಕೂತಿತು. ತಂದಿಟ್ಟವನು ಅಬಾನೂಬ್, ಮೂರು ವಾರದ ಹಿಂದೆ ದಕ್ಷಿಣದ ಅಸಿಯೂತ್‌ನಿಂದ ಕೈರೋಗೆ ಬಂದು ಕೆಲಸಕ್ಕೆ ಸೇರಿದ ಎಂಜಿನಿಯರ್. ಮೈಯೆಲ್ಲ ಬೆವರು, ಬೂಟಿನ ತುಂಬ ಧೂಳು.

“ಏನಪ್ಪಾ ಇದು? ನಿಶ್ಚಿತಾರ್ಥ ಏನಾದ್ರೂ ಆಯ್ತಾ?”

“ಎಲ್ಲೀ ನಿಶ್ಚಿತಾರ್ಥ ಬಿಡ್ರಿ ಮೇಡಂ. ನೀವ ಬರದೀರಲ್ಲ, ಹತ್ತೊಂಬತ್ತನೇ ಹಂತದಾಗ. ಕೆನೀ ಹಾಕಿದ್ದ ತಂದೀನಿ.”

ಇಬ್ತಿಹಾಲ್ ಡಬ್ಬಿಯ ಮುಚ್ಚಳ ಎತ್ತಿ ನೋಡಿದಳು. ಔಷಧಿ ಅಂಗಡಿಗಳ ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವ ಆ ಕಂಪನಿಯಲ್ಲಿ ಕೈಪಿಡಿ ಬರೆಯುವವಳು ಅವಳೊಬ್ಬಳೇ. ಎಂಜಿನಿಯರುಗಳು ಹೇಳದೆ ಕೇಳದೆ ಏನಾದರೊಂದು ಬದಲಾಯಿಸುತ್ತಲೇ ಇರುತ್ತಿದ್ದರು. ಅವಳು ಅವರ ಬೆನ್ನು ಹತ್ತಿ, ಕಾಡಿ, ಬೈದು, ಕೈಪಿಡಿಯನ್ನು ತಿದ್ದುತ್ತಲೇ ಇರುತ್ತಿದ್ದಳು. ಯಾರಾದರೂ ಓದುತ್ತಾರೋ ಇಲ್ಲವೋ ನೋಡಿಯೇಬಿಡೋಣವೆಂದು ನಾಲ್ಕು ವರ್ಷದ ಹಿಂದೆ ಹೊಸ ಎಂಜಿನಿಯರುಗಳ ಪುಟದ ಕೊನೆಗೆ ಒಂದು ಸಾಲು ಸೇರಿಸಿದ್ದಳು: ‘ಹತ್ತೊಂಬತ್ತನೇ ಹಂತ: ತಮಗೆ ಕೊಟ್ಟ ಅಂಗಡಿಗಳಲ್ಲೆಲ್ಲ ಸಾಫ್ಟ್‌ವೇರ್ ಕೂರಿಸಿ ಮುಗಿಸಿದವರು, ಮೆಟ್ರೋ ಎದುರಿನ ಹಾಜ್ ಅರಫಾ ಅಂಗಡಿಯಿಂದ ಒಂದು ಕಿಲೋ ಬಸ್ಬೂಸ ತಂದು ಎರಡನೇ ಮಹಡಿಯ ಇಬ್ತಿಹಾಲ್‌ಗೆ ಒಪ್ಪಿಸತಕ್ಕದ್ದು.’ ಅಲ್ಲಿಂದೀಚೆಗೆ ಮೂವತ್ತು ಜನ ಬಂದರು, ಹೋದರು. ಒಂದು ತುಣುಕೂ ಬಂದಿರಲಿಲ್ಲ.

“ಒಂದ ಮಾತ ಹೇಳ್ಲೇನ್ರೀ? ಸಿಟ್ಟಾಗಬ್ಯಾಡ್ರಿ,” ಎಂದ ಅಬಾನೂಬ್. “ಆ ಹಾಜ್ ಅರಫಾ ಅಂಗಡಿ ಮುಚ್ಚಿ ಎರಡ ವರ್ಷ ಆತಂತ. ಈಗ ಅಲ್ಲಿ ಮೊಬೈಲ್ ಕವರ್ ಮಾರ್ತಾರ. ಒಂದ ತಾಸ ತಿರುಗಿ ಬ್ಯಾರೇ ಕಡೆಯಿಂದ ತಂದೆ. ನಿಮ್ಮ ಪುಟ ಹಳೇದಾಗೇತ್ರಿ. ತಿದ್ದೀನಿ.”

ಇಬ್ತಿಹಾಲ್‌ಳ ಮುಖ ಕೆಂಪಾಯಿತು. ಪುಟ ಹಳತಾಗಿದೆ ಎಂದು ಕಂಪನಿಗೆಲ್ಲ ಬೈದುಕೊಂಡು ಓಡಾಡುವವಳು ಅವಳು! ಆದರೂ ಆ ಗಳಿಗೆಯಲ್ಲಿ ಎದ್ದು ಕುಣಿಯುವಷ್ಟು ಖುಷಿಯಾಯಿತು. ಮೊನ್ನೆ ತಾನೇ ಮೇಲಧಿಕಾರಿ ವಗ್ದಿ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದ: “ಕೈಪಿಡಿ ಯಾರೂ ಓದಲ್ಲ ಮೇಡಂ. ಎಲ್ಲರೂ ನನಗೇ ಫೋನ್ ಮಾಡಿ ಕೇಳ್ತಾರೆ. ಗುರುವಾರದೊಳಗೆ ಓದಿದವನೊಬ್ಬನನ್ನ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ಶುಕ್ರವಾರ ಶನಿವಾರದ ರಜೆ ಮುಗಿದು ಭಾನುವಾರದಿಂದ ಕೈಪಿಡಿ ವಿಭಾಗ ಬಂದ್, ನೀವು ಗಿರಾಕಿಗಳ ದೂರು ಕೇಳೋ ಫೋನಿಗೆ ಕೂತ್ಕೊಳ್ಳಿ.” ಹನ್ನೊಂದು ವರ್ಷ ಬರೆದವಳಿಗೆ ಈಗ ಬೈಗುಳ ಕೇಳುವ ಕೆಲಸ! ಆ ಮಾತು ಕೇಳಿದಾಗಿನಿಂದ ಅವಳಿಗೆ ಅನ್ನ ನೀರು ಸೇರಿರಲಿಲ್ಲ.

ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಅಬಾನೂಬ್‌ನ ಅಂಗಿ ತೋಳು ಹಿಡಿದುಕೊಂಡು ಅವಳು ವಗ್ದಿಯ ಕೋಣೆಗೆ ನುಗ್ಗಿದಳು.

“ತಗೊಳ್ಳಿ ವಗ್ದಿ ಸಾಹೇಬ್ರೇ, ಓದಿದವನು!”

ವಗ್ದಿ ಕಥೆಯನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. “ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಒಬ್ಬ, ಅವನೂ ದಕ್ಷಿಣದವನು! ಕೈರೋ ತುಂಬ ನಿಮ್ಮೂರಿನವರ ಮೇಲೆ ಸುಮ್ನೆ ಜೋಕು ಹುಟ್ಟಿಲ್ಲ ಕಣಯ್ಯಾ. ಬಾವಿಗೆ ಬೀಳು ಅಂತ ಬರೆದಿದ್ರೆ ಬೀಳ್ತಿದ್ಯಾ?”

“ಬಾವಿ ಯಾವ ಹಂತದಾಗ ಬರತೈತಿ ಅಂತ ನೋಡಿ ಹೇಳಬೇಕ್ರೀ ಸಾಹೇಬ್ರ,” ಎಂದ ಅಬಾನೂಬ್, ಒಂದಿಷ್ಟೂ ನಗದೆ.

ವಗ್ದಿ ಕಣ್ಣೊರೆಸಿಕೊಂಡು ಮೇಜಿನ ಮೇಲಿದ್ದ ಒಂದು ಕಾಗದ ಎತ್ತಿಕೊಂಡ. “ಹೇಗೂ ಬಂದಿದ್ದೀಯ, ನಿಂಗೂ ಹೇಳಿಬಿಡ್ತೀನಿ. ಹೊಸಬರು ಅಂದ್ರೆ ಮೊದಲ ತಿಂಗಳು ಫೋನ್ ಮಾಡಿ ಮಾಡಿ ನನ್ನ ಪ್ರಾಣ ತಿಂತಾರೆ. ನೀನು ಮೂರು ವಾರದಲ್ಲಿ ಒಂದು ಪ್ರಶ್ನೆ ಕೇಳಿಲ್ಲ. ಏನೂ ಕೇಳಿಲ್ಲ ಅಂದ್ರೆ ಕೆಲಸಾನೇ ಶುರು ಮಾಡಿಲ್ಲ ಅಂತ. ನಿನ್ನನ್ನ ಮನೆಗೆ ಕಳಿಸೋ ಕಾಗದ ಇದು.”

ಇಬ್ತಿಹಾಲ್ ಅಬಾನೂಬ್‌ನ ಅಂಗಿ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಇದ್ದೊಬ್ಬ ಓದುಗನೂ ಹೋದನಲ್ಲ!

“ಶುರು ಮಾಡಿ ಮುಗಿಸೀನ್ರಿ,” ಎಂದ ಅಬಾನೂಬ್. “ತಂತಾದಾಗ ಎರಡ, ಮನ್ಸೂರದಾಗ ನಾಕ. ಕೊಟ್ಟ ಆರೂ ಅಂಗಡಿ ನಡದಾವ. ಪುಟದಾಗ ಹೆಂಗ ಬರದೈತಿ, ಹಂಗ ಮಾಡ್ದೆ. ಮೇಡಂ ಎಲ್ಲಾ ಬರದಾರ, ಕೇಳೂದು ಏನೂ ಉಳೀಲಿಲ್ಲ.”

ವಗ್ದಿ ನಂಬದೆ ಕಂಪ್ಯೂಟರಿನ ಕಡೆ ತಿರುಗಿದ. ಆರೂ ಅಂಗಡಿಗಳ ಹೆಸರಿನ ಮುಂದೆ ಹಸಿರು ಚುಕ್ಕಿಯಿತ್ತು. ಹಗಲೂ ರಾತ್ರಿ ಅವನಿಗೆ ಫೋನ್ ಮಾಡುತ್ತಿದ್ದ ಇನ್ನಿಬ್ಬರು ಎಂಜಿನಿಯರುಗಳು ಸೇರಿ ಒಂದೂವರೆ ತಿಂಗಳಲ್ಲಿ ಮುಗಿಸಿದ್ದು ಮೂರೇ ಮೂರು. ಅವನು ಒಂದು ಸಲ ಕೆಮ್ಮಿದ. ಕಾಗದವನ್ನು ನಾಲ್ಕು ಮಡಿಕೆ ಮಡಚಿ ಜೇಬಿಗೆ ತುರುಕಿಕೊಂಡ. ಡಬ್ಬಿ ತೆರೆದು ಒಂದು ತುಂಡು ಬಾಯಿಗೆ ಹಾಕಿಕೊಂಡ.

“ಸರಿ ಮೇಡಂ. ಭಾನುವಾರ ನಿಮ್ಮ ಜಾಗದಲ್ಲೇ ಕೂತ್ಕೊಳ್ಳಿ.”

ಇಬ್ತಿಹಾಲ್‌ಳ ಕಣ್ಣು ತುಂಬಿ ಬಂತು. ದೇವರಿಗೂ ಅಸಿಯೂತ್‌ಗೂ ಒಟ್ಟಿಗೆ ಕೃತಜ್ಞತೆ ಹೇಳಬೇಕೆನಿಸಿತು.

ಅಷ್ಟರಲ್ಲಿ ವಗ್ದಿಯ ಫೋನು ಬಡಿದುಕೊಂಡಿತು. ಆ ಇಬ್ಬರಲ್ಲೊಬ್ಬ, ಬಿಲ್ಲಿನ ಚೀಟಿ ಅಚ್ಚಾಗುತ್ತಿಲ್ಲ ಎಂಬ ಅದೇ ಹಳೆಯ ರಾಗ. ಹೊಸ ಹುರುಪಿನಲ್ಲಿದ್ದ ವಗ್ದಿ ಎದೆ ಸೆಟೆಸಿ ಗದರಿದ: “ಪ್ರತಿಯೊಂದಕ್ಕೂ ನನ್ನನ್ನೇ ಕೇಳ್ತೀಯಲ್ಲೋ! ಕೈಪಿಡಿ ಅಂತ ಒಂದಿದೆ, ಪಾಪ ಹನ್ನೊಂದು ವರ್ಷದಿಂದ ಬರೀತಿದ್ದಾರೆ, ತೆಗೆದು ಓದೋಕೆ ನಿಂಗೇನು ಧಾಡಿ? … ಏನು? ಎಲ್ಲಿದೆ ಅಂದ್ರೆ?”

ಅವನ ದನಿ ಇಳಿಯಿತು. ಫೋನಿಗೆ ಅಂಗೈ ಅಡ್ಡ ಹಿಡಿದು, ಇಬ್ತಿಹಾಲ್ ಕಡೆಗೆ ಬಗ್ಗಿ ಪಿಸುಗುಟ್ಟಿದ:

“ಎಲ್ಲಿದೆ ಮೇಡಂ ಅದು?”