ಬಂದ ಪತ್ರಗಳ ಪೆಟ್ಟಿಗೆ

ಮುದುಕ ಮತ್ತೆ ಅಂಗಿಯೊಳಗೆ ಕೈ ಹಾಕಿದ. ಮೇಲ್ವಿಚಾರಕಿ ಕನ್ನಡಕದ ಮೇಲಿನಿಂದ ದಿಟ್ಟಿಸಿದಳು. ಕೈ ತಟ್ಟನೆ ಮೇಜಿನ ಮೇಲೆ ಬಂತು.

ಕಳ್ಳ. ಅವಳಿಗೆ ಸಂಶಯವೇ ಉಳಿಯಲಿಲ್ಲ.

ತೀರಿಕೊಂಡ ಮಹಾಲೇಖಕರ ಕಾಗದಪತ್ರಗಳು ಐವತ್ತೆರಡು ಪೆಟ್ಟಿಗೆಗಳಲ್ಲಿ ಈ ಸಂಗ್ರಹಾಲಯಕ್ಕೆ ಬಂದು ವರ್ಷವಾಗಿತ್ತು. ಪುಣ್ಯಾತ್ಮ ಏನನ್ನೂ ಎಸೆದವರಲ್ಲ. ಹಸ್ತಪ್ರತಿ, ಸನ್ಮಾನಪತ್ರ, ಕೊನೆಗೆ ಹಲ್ಲಿನ ಡಾಕ್ಟರು ಕೊಟ್ಟ ಚೀಟಿ ಕೂಡ. ಓದುಗರೆಲ್ಲ ಅವರನ್ನು ‘ಅಣ್ಣ’ ಎನ್ನುತ್ತಿದ್ದರು. ಒಡಹುಟ್ಟಿದವರ ಪ್ರೀತಿಯ ಬಗ್ಗೆ ಅವರು ಬರೆದ ಪುಸ್ತಕ ಓದಿ ಅಳದವರೇ ಇಲ್ಲವಂತೆ. ಅವಳು ಅತ್ತಿರಲಿಲ್ಲ.

ಅಣ್ಣನ ಭಕ್ತರನ್ನು ಅವಳು ಸಾಕಷ್ಟು ಕಂಡಿದ್ದಳು. ಸಹಿಯನ್ನಷ್ಟೇ ಬ್ಲೇಡಿನಿಂದ ಕತ್ತರಿಸಿಕೊಂಡ ಪ್ರಾಧ್ಯಾಪಕ, ಹಸ್ತಪ್ರತಿಯನ್ನು ಕೊಡೆಯೊಳಗೆ ಸುತ್ತಿಕೊಂಡು ಹೊರಟ ಕವಿ. ಎಲ್ಲರೂ ಮಹಾ ಸಂಭಾವಿತರು.

ಈ ಮುದುಕ ಆರು ದಿನದಿಂದ ಬರುತ್ತಿದ್ದ. ಕೇಳುತ್ತಿದ್ದುದು ಒಂದೇ ಪೆಟ್ಟಿಗೆ: ಅಣ್ಣನಿಗೆ ಬಂದ ಪತ್ರಗಳದ್ದು. ಓದುತ್ತಿರಲಿಲ್ಲ, ಟಿಪ್ಪಣಿ ಮಾಡುತ್ತಿರಲಿಲ್ಲ. ಲಕೋಟೆಗಳನ್ನು ಹಿಂದೆ ಮುಂದೆ ಸರಿಸಿ ಎದ್ದು ಹೋಗುತ್ತಿದ್ದ.

“ಏನ್ ಹುಡುಕ್ತಿದ್ದೀರಿ ಯಜಮಾನ್ರೇ?”

“ಹುಡುಕೋದೇನಿಲ್ಲಮ್ಮ. ತಾರೀಖಿನ ಪ್ರಕಾರ ಜೋಡಿಸಿದ್ದೀರಲ್ಲ, ಚೆನ್ನಾಗಿದೆ.”

“ಅವರು ನಿಮಗೂ ಅಣ್ಣನೋ?”

“ಹೂಂ.”

“ಊರಿಗೆಲ್ಲ ಅಣ್ಣ!” ಅವಳು ಮೂಗು ಮುರಿದಳು.

“ಹೌದಮ್ಮ. ಊರಿಗೆಲ್ಲ.”

ಅವನು ಎದ್ದು ಬಾಗಿಲ ಬಳಿ ಹೋಗುತ್ತಲೇ ಅವಳು ಕಾವಲುಗಾರನಿಗೆ ಕಣ್ಸನ್ನೆ ಮಾಡಿದಳು.

“ಅಂಗಿ ಬಿಚ್ಚಿ,” ಎಂದು ಕಾವಲುಗಾರ ಅಡ್ಡ ನಿಂತ.

ಓದುತ್ತಿದ್ದವರು ತಲೆಯೆತ್ತಿದರು. ಮುದುಕ ತಕರಾರು ಮಾಡದೆ ಒಂದೊಂದೇ ಗುಂಡಿ ಬಿಚ್ಚಿದ. ಒಳಗೆ ತೂತುಬಿದ್ದ ಬನಿಯನ್ನು, ಎಣಿಸಬಹುದಾದ ಪಕ್ಕೆಲುಬು. ಕಾಗದದ ಚೂರೂ ಇಲ್ಲ.

“ಎಲ್ಲಿ ಬಚ್ಚಿಟ್ರಿ?”

“ನಾನೇನೂ ತಗೊಂಡಿಲ್ಲಮ್ಮ.”

“ಪತ್ರ ಎಣಿಸಿದ್ರೆ ಗೊತ್ತಾಗುತ್ತೆ ಬಿಡಿ.”

ಮುದುಕ ಕೈಮುಗಿದ. “ಎಣಿಸೋದು ಬೇಡ ತಾಯಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ!” ಅವಳಿಗೆ ಗೆದ್ದ ಖುಷಿ.

ಪಟ್ಟಿಯ ಪ್ರಕಾರ ಪೆಟ್ಟಿಗೆಯಲ್ಲಿ ಮುನ್ನೂರ ಹದಿನೆಂಟು ಪತ್ರಗಳು. ಎಲ್ಲರಿಗೂ ಕೇಳಲೆಂದು ಅವಳು ಗಟ್ಟಿಯಾಗಿ ಎಣಿಸತೊಡಗಿದಳು. ಮುನ್ನೂರ ಹದಿನೇಳು. ಮುನ್ನೂರ ಹದಿನೆಂಟು. ಅವಳ ದನಿ ತಗ್ಗಿತು. ಮುನ್ನೂರ ಹತ್ತೊಂಬತ್ತು. ಇನ್ನೂ ಇದ್ದವು. ಮುನ್ನೂರ ನಲವತ್ತೆರಡಕ್ಕೆ ಪೆಟ್ಟಿಗೆ ಬರಿದಾಯಿತು.

ಹೆಚ್ಚಿದ್ದ ಇಪ್ಪತ್ತನಾಲ್ಕನ್ನು ಹೆಕ್ಕುವುದು ಕಷ್ಟವಾಗಲಿಲ್ಲ. ಒಂದರ ಅಂಟನ್ನೂ ಯಾರೂ ಬಿಡಿಸಿರಲಿಲ್ಲ. ಪ್ರತಿಯೊಂದರ ಮೇಲೂ ಅಡ್ಡಕ್ಕೆ ನಾಲ್ಕು ಪದ, ಅವಳು ವರ್ಷದಿಂದ ದಿನವೂ ಕಂಡ ಆ ಮಹಾಲೇಖಕರ ಮುತ್ತಿನಂಥ ಅಕ್ಷರದಲ್ಲಿ: “ಬೇಡ. ಕಳಿಸಿದವನಿಗೇ ವಾಪಸ್ ಮಾಡಿ.”

ಅವಳು ಲಕೋಟೆಯನ್ನು ತಿರುಗಿಸಿದಳು. ಹಿಂಬದಿಯಲ್ಲಿ, ಸಣ್ಣಗೆ: “ಇಂದ, ನಿನ್ನ ತಮ್ಮ.”