ಹಳದಿ ಗೆರೆಯಾಚೆಯ ಬೆರಳು

ಹೇಳಿಬಿಡಲೇ, ಸುಮ್ಮನಿರಲೇ? ಹೇಳಿದರೆ ಟೈಲರ್ ಚಿಕ್ಕತಾಯಿಗೆ ಸಂಬಳದ ರಜೆ ಸಿಗುತ್ತದೆ, ತನ್ನ ಕೆಲಸ ಹೋಗುತ್ತದೆ. ಸೂಪರ್‌ವೈಸರ್ ಬೋರಲಿಂಗ ನೆಲದ ಹಳದಿ ಗೆರೆಯನ್ನೇ ನೋಡುತ್ತ ನಿಂತಿದ್ದ.

ಮದ್ದೂರಿನ ಆ ಗಾರ್ಮೆಂಟ್ಸ್‌ನಲ್ಲಿ ಯಾವ ಸಾಲಿನಲ್ಲಿ ಯಾವ ದೇಶಕ್ಕೆ ಅಂಗಿ ಹೊಲಿಯುತ್ತಾರೋ ಆ ಸಾಲಿಗೆ ಆ ದೇಶದ ಕಾನೂನು. ಗೆರೆಯ ಈಚೆ ಡೆನ್ಮಾರ್ಕ್. ಅಲ್ಲಿ ಗಾಯವಾದರೆ ಚಿಕಿತ್ಸೆ, ರಜೆ, ಮೇಲೊಂದು ಹೂಗುಚ್ಛ. ಆಚೆ, ಭೂಪಟದಲ್ಲಿ ಹುಡುಕಿದರೂ ಸಿಗದ ಒಂದು ದ್ವೀಪ. ಅಲ್ಲಿ ಗಾಯವೆಂದರೆ ಕಾರ್ಮಿಕರ ಅಜಾಗರೂಕತೆ. ಚಿಕ್ಕತಾಯಿ ಡೆನ್ಮಾರ್ಕಿನವಳು. ಸೂಜಿ ಅವಳ ಬೆರಳಿಗೆ ನುಗ್ಗಿದ್ದು ಮಾತ್ರ ದ್ವೀಪದಲ್ಲಿ.

“ವಿದೇಶಕ್ಕೆ ಯಾಕಮ್ಮ ಹೋದೆ?” ಎಚ್.ಆರ್. ಮೇಡಂ ಮರುಕದಿಂದಲೇ ಕೇಳಿದರು.

“ಆಚೆ ಸಾಲಿನ ಹುಡ್ಗಿ ಬಾತ್‌ರೂಮ್‌ಗೆ ಹೋಗಿದ್ಲು ಮೇಡಂ. ಕಾಲರ್ ಗುಡ್ಡೆ ಬಿದ್ದಿತ್ತು. ಅವಳ ಮಿಷಿನ್‌ಗೆ ಕೂತೆ. ನಾವು ಒಬ್ಬರಿಗೊಬ್ರು ಹಂಗೇ ಅಲ್ವಾ ಮಾಡದು?”

“ಸಹಾಯ ಮಾಡೋಕೂ ಈಗ ಪಾಸ್‌ಪೋರ್ಟ್ ಬೇಕಮ್ಮ. ಕಂಪನಿಯವರು ಕಳಿಸಿದ್ರೆ ನೀನಿನ್ನೂ ಡೆನ್ಮಾರ್ಕೇ. ನೀನಾಗೇ ಹೋಗಿದ್ರೆ ದ್ವೀಪ. ಯಾರಾದ್ರೂ ಕಳಿಸಿದ್ರಾ?”

ಚಿಕ್ಕತಾಯಿ ಬೆರಳಿಗೆ ಸುತ್ತಿದ ಬಟ್ಟೆಚೂರನ್ನು ಬಿಗಿ ಮಾಡಿಕೊಂಡಳು. “ಬೋರಣ್ಣ ಅಲ್ಲೇ ಇತ್ತು. ಅದೇ ಹೇಳ್ಲಿ.”

ಬೋರಲಿಂಗನ ಸ್ಟೂಲು ಇದ್ದುದು ದ್ವೀಪದಲ್ಲಿ. ಅಲ್ಲಿ ಕೆಲಸದಿಂದ ತೆಗೆಯಲು ನೋಟಿಸ್ ಬೇಕಿಲ್ಲ, ಬೆರಳು ತೋರಿಸಿದರೆ ಸಾಕು.

“ಟಾರ್ಗೆಟ್ ನೋಡ್ತಿದ್ದೆ ಮೇಡಂ,” ಎಂದ. “ಇವ್ರು ಎದ್ದೋಗಿದ್ದು ಕಾಣ್ನಿಲ್ಲ.”

“ದ್ವೀಪ,” ಎಂದರು ಮೇಡಂ, ಬೇಸರದಿಂದ.

“ಹೋಗಕ್ಕ, ನಾಕು ಪೀಸ್ ಹೊಲ್ಕೊಡು” ಎಂದು ಅವಳನ್ನು ಗೆರೆ ದಾಟಿಸಿದ್ದು ತಾನೇ ಎಂದು ಅವನು ಹೇಳಲಿಲ್ಲ.