ನಲವತ್ತೊಂದನೇ ಮನೆಯ ದೂರು

"ಮತ್ತೆ ಅದೇ ಮನೆ ಮೇಡಂ," ಎಂದು ಗುಮಾಸ್ತ ಮಣಿಕಂಠ ದೂರಿನ ಕಾರ್ಡನ್ನು ಮೇಜಿನ ಮೇಲಿಟ್ಟ.

ಜೀರಹಳ್ಳಿ, ನಲವತ್ತೊಂದನೇ ಮನೆ, ದೊಡ್ಡತಾಯಮ್ಮ. ನಲ್ಲಿಯಲ್ಲಿ ನೀರು ಬರುತ್ತಿಲ್ಲ. ಈ ತಿಂಗಳು ಆ ಮನೆಯಿಂದ ಇದು ಎಂಟನೇ ದೂರು. ಎಲ್ಲ ಊರೂ ಸೇರಿ ಹತ್ತೊಂಬತ್ತು. ತಿಂಗಳಿಗೆ ಇಪ್ಪತ್ತು ದಾಟಿದರೆ ಕಂಪನಿಯ ಗುತ್ತಿಗೆ ರದ್ದು, ಮ್ಯಾನೇಜರ್ ಸುಮಳ ಕೆಲಸವೂ ಖೋತಾ. ತಿಂಗಳು ಮುಗಿಯಲು ಇನ್ನೂ ಹತ್ತು ದಿನವಿತ್ತು.

ನಾಲ್ಕೇ ವರ್ಷದಲ್ಲಿ ತಮಿಳುನಾಡಿನ ಗಡಿಯ ತಾಳವಾಡಿ ಸುತ್ತಿನ ನಲ್ಲಿಗಳು ಮೂರು ಪಟ್ಟಾಗಿ, ನೀರಿನ ಮಂಡಳಿ ಕೈಚೆಲ್ಲಿ ಕೂತಿತ್ತು. ಅದಕ್ಕೇ ೨೦೦೬ರಲ್ಲಿ ಆಡಳಿತವನ್ನು ಕೊಯಮತ್ತೂರಿನ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟರು. ಕಂಪನಿ ಮೈಸೂರಿನ ಸುಮಳನ್ನು ಕಳಿಸಿತು. ಬಂದವಳೇ ದೂರಿನ ಪೆಟ್ಟಿಗೆ ಇಡಿಸಿದಳು, ಗೋಡೆಗೆ ನಿಯಮ ಅಂಟಿಸಿದಳು. ದೂರು ಬಂದರೆ ಅಂದೇ ಆ ಮನೆಗೆ ಹೋಗಬೇಕು. ದೂರಿಲ್ಲದ ಮನೆಗೆ ನೌಕರರು ಕಾಲಿಡಬಾರದು.

ಊರು ಅವಳನ್ನು ದೂರವಿಟ್ಟಿತು. ಅವಳು ಅಂಗಡಿಗೆ ಹೋದರೆ ಅಲ್ಲಿನ ಮಾತು ನಿಲ್ಲುತ್ತಿತ್ತು. ಐದು ತಿಂಗಳಲ್ಲಿ ಒಬ್ಬರೂ 'ಒಳಗೆ ಬಾ' ಎಂದಿರಲಿಲ್ಲ. ದಿನವೂ ಹೋಟೆಲಿನ ಪರೋಟಾ ಕಟ್ಟಿಸಿಕೊಂಡು ಬಂದು, ಬಾಡಿಗೆ ಕೋಣೆಯಲ್ಲಿ ಗೋಡೆ ನೋಡುತ್ತ ತಿನ್ನುತ್ತಿದ್ದಳು. ಅಳು ಬರುತ್ತಿತ್ತು. ಜನಕ್ಕೆ ತನ್ನ ಭಯವಿದ್ದರೆ ತಾನೇ ಕೆಲಸ ನಡೆಯುವುದು ಎಂದು ನುಂಗಿಕೊಳ್ಳುತ್ತಿದ್ದಳು.

ಜೀರಹಳ್ಳಿಗೆ ನೀರು ಬಿಡುವವನು ಬಿಳಿಗಿರಿ. ಹಿಂದಿನ ಏಳು ಸಲವೂ ಅವನೇ ಹೋಗಿ 'ಸರಿಯಾಯಿತು' ಎಂದು ವರದಿ ಕೊಟ್ಟಿದ್ದ.

"ಅವನೇ ವಾಲ್ವ್ ಮುಚ್ತಾನೆ, ಅವನೇ ತೆಗೀತಾನೆ. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ," ಎಂದಳು ಸುಮ. "ನಾನೇ ಹೋಗಿ ನೋಡ್ತೀನಿ."

ಮಧ್ಯಾಹ್ನ ಅವಳು ಹೋದಾಗ ನಲವತ್ತೊಂದನೇ ಮನೆಯ ನಲ್ಲಿ ಧೋ ಎಂದು ಸುರಿಯುತ್ತಿತ್ತು. ಜಗಲಿಯ ಮೇಲೆ ಬಿಳಿಗಿರಿ ಉಣ್ಣುತ್ತಿದ್ದ. ಅವಳನ್ನು ಕಂಡು ಕೈಯ ತುತ್ತು ಕೈಯಲ್ಲೇ ಉಳಿಯಿತು.

"ನೀರು ಬರ್ತಿಲ್ಲ ಅಂತ ದೂರು ಕೊಟ್ಟಿದ್ದೀರಲ್ಲ ಅಜ್ಜಿ?"

"ನಾನ್ಯಾಕವ್ವ ಕೊಡ್ಲಿ? ದಿನಾ ಬತ್ತದೆ ಕಣ," ಎಂದಳು ದೊಡ್ಡತಾಯಮ್ಮ.

ಸುಮ ಬಿಳಿಗಿರಿಯತ್ತ ತಿರುಗಿದಳು.

"ನಾನೇ ಆಕ್ದೆ ಮೇಡಂ," ಎಂದ ಅವನು. "ನೀರ್ ಬುಟ್ಟೋನ್ಗೆ ಕೊನೇ ನಲ್ಲಿ ಮನೇಲಿ ಉಣ್ಣಾಕಿಕ್ಕೋದು ನಮ್ಮಪ್ಪನ ಕಾಲ್ದಿಂದ್ಲೂ ಬಂದದ್ದು. ಕೊನೇಗಂಟ ನೀರು ಓದ್ರೇನೇ ಊಟ. ನೀವು ದೂರಿಲ್ದೆ ಓಗ್ಬಾರ್ದು ಅಂದ್ಬುಟ್ರಿ. ಎಂಡ್ತಿ ಸತ್ತು ಮೂರೊರ್ಸ ಆಯ್ತು. ಮನೇಲಿ ಒಬ್ನೇ ಕೂತ್ರೆ ತುತ್ತು ಇಳಿಯಾಕಿಲ್ಲ."

ಸುಮಳಿಗೆ ಸಿಟ್ಟೂ ಬಂತು, ಬಾಡಿಗೆ ಕೋಣೆಯ ಪರೋಟಾವೂ ನೆನಪಾಯಿತು.

"ನಿಂತೇ ಇದ್ದೀಯಲ್ಲವ್ವ, ಕೂತ್ಕ. ಉಪ್ಸಾರು ಮಾಡಿವ್ನಿ, ಒಂದ್ ತುತ್ತು ಉಂಡು ಓಗು," ಎಂದು ಮುದುಕಿ ಇನ್ನೊಂದು ತಟ್ಟೆ ತಂದಳು.

ನಿಯಮ ಅಂಟಿಸಿದವಳೇ ಕೂತು ಉಣ್ಣುವುದು ಹೇಗೆ?

"ಹಸಿವಿಲ್ಲ," ಎಂದಳು ಸುಮ. ಹೊಟ್ಟೆ ಚುರುಗುಟ್ಟುತ್ತಿತ್ತು. ಬಿಳಿಗಿರಿಗೆ ಮಾತ್ರ ಗದರಿದಳು. "ಇನ್ನೊಂದು ಸುಳ್ಳು ದೂರು ಬಂದ್ರೆ ನಿನ್ನ ಕೆಲಸ ಇರಲ್ಲ."

"ದೇವ್ರಾಣೆ ಆಕಾಕಿಲ್ಲ ಮೇಡಂ."

ಐದು ದಿನ ಪೆಟ್ಟಿಗೆ ಖಾಲಿ. ಆರನೇ ದಿನ ಮಣಿಕಂಠ ಕಾರ್ಡ್ ಹಿಡಿದು ಓಡಿಬಂದ. ಇಪ್ಪತ್ತನೇ ದೂರು. ನಲವತ್ತೊಂದನೇ ಮನೆ.

"ಬಿಳಿಗಿರಿಗೆ ಬುದ್ಧಿ ಬರ್ನಿಲ್ಲ ಮೇಡಂ. ಈಗ್ಲೇ ತೆಗ್ದಾಕಿ. ಇನ್ನೊಂದು ಬಂತು ಅಂದ್ರೆ ನೀವು ಗಂಟುಮೂಟೆ ಕಟ್ಟೋದೇಯ."

"ಇದು ಅವನದ್ದಲ್ಲ."

"ಅದೆಂಗೆ ಏಳ್ತೀರಿ?"

ಸುಮ ಕುರ್ಚಿಯಿಂದ ಎದ್ದಳು. ಚಪ್ಪಲಿ ಮೆಟ್ಟಿಕೊಂಡಳು. "ದೂರು ಬಂದ ಮೇಲೆ ಹೋಗಲೇಬೇಕಲ್ಲ. ಬಿಳಿಗಿರಿಗೂ ಅಲ್ಲಿಗೇ ಬರೋಕೆ ಹೇಳು."

ಆ ಕಾರ್ಡನ್ನು ಹಿಂದಿನ ಸಂಜೆ, ಸುತ್ತ ಯಾರೂ ಇಲ್ಲದ್ದು ನೋಡಿ, ಪೆಟ್ಟಿಗೆಗೆ ಹಾಕಿದವಳು ಅವಳೇ.